ಬೆಲ್ಲ ಅಂತ ಹುಡುಕಿದೆ, ಅವ್ವ ಸಿಕ್ಕಳು

ಕಳೆದ ಚಳಿಗಾಲದ ಮಾತು. ಅವ್ವ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ದೇವದುರ್ಗದಲ್ಲಿರುವ ತಂಗಿ ಶಾಂತಾಗೆ ಹೆರಿಗೆಯಾಯಿತು. ನಾನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ಮನೆ ಮಾನ್ವಿಯಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ತಂಗಿಯ ಬಾಣಂತನಕ್ಕೆಂದು ನನಗೆ ರಜೆ ಕೊಡುವವರು ಯಾರು?

ಅವತ್ತು ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಾಗ ಕಾಲು ದಣಿದುಹೋಗಿದ್ದವು. ಅಷ್ಟರಲ್ಲಿ ತಂಗಿಯ ಫೋನು.

“ಅಕ್ಕಾ, ಅಂಟಿನುಂಡಿ ಕಟ್ಟಾಕತ್ತೀವಿ, ಪುಡಿಪುಡಿ ಆಗಾಕತ್ತಾವ. ಅವ್ವ ಹೆಂಗ ಮಾಡ್ತಿದ್ಲು?” ಎಂದವಳೇ ಅಳತೊಡಗಿದಳು. “ಅಂಗಡಿಯಿಂದ ತರಸ್ತೀನಿ ಅಂತಾರ ನಮ್ಮತ್ತಿ. ನನಗ ಅವ್ವ ಮಾಡಿದಂಥಾವ ಬೇಕು.”

ಬಾಣಂತಿಗೆ ಕೊಡುವ ಆ ಅಂಟು-ಬೆಲ್ಲದ ಉಂಡೆ ಕಟ್ಟುವ ಬಗೆ ನನಗೂ ನೆನಪಿರಲಿಲ್ಲ. ಆದರೆ ಅವ್ವ ಒಮ್ಮೆ ಅದನ್ನು ಫೋನಿನಲ್ಲಿ ಹೇಳಿ ಕಳಿಸಿದ್ದಳು. ಓದು ಬರಹ ಬಾರದ ಅವಳು ಮನೆಯವರ ವಾಟ್ಸಾಪ್ ಗುಂಪಿಗೆ ಬರೀ ಧ್ವನಿ ಕಳಿಸುತ್ತಿದ್ದಳು. ಗುಂಪು ತೆರೆದೆ. ಶುಭೋದಯದ ಹೂವು, ದೇವರ ಫೋಟೊ, ಮತ್ತೆ ಹೂವು. ಸರಿಸಿ ಸರಿಸಿ ಬೆರಳು ಸೋತಿತು. ಹುಡುಕುವ ಜಾಗದಲ್ಲಿ ‘ಅಂಟಿನುಂಡಿ’ ಎಂದು ಬರೆದೆ. ಏನೂ ಬರಲಿಲ್ಲ. ಅದು ಬರೆದದ್ದನ್ನಷ್ಟೇ ಹುಡುಕುತ್ತದೆ, ಆಡಿದ್ದನ್ನಲ್ಲ. ಸಾಕಾಗಿ ಫೋನನ್ನು ಚೀಲಕ್ಕೆ ತುರುಕಿ ಕಣ್ಣು ಮುಚ್ಚಿದೆ.

ಕಲ್ಲೂರು ದಾಟುವಾಗ ಹೊಳೆಯಿತು. ನಾದಿನಿಯ ಬಾಣಂತನದಲ್ಲಿ ಅವ್ವನನ್ನು ನಾನೇ ಬರೆದು ಕೇಳಿದ್ದೆನಲ್ಲ! ಈ ಸಲ ‘ಬೆಲ್ಲ’ ಎಂದು ಹುಡುಕಿದೆ. ‘ಬೆಲ್ಲ ಎಷ್ಟು ಹಾಕಬೇಕವ್ವಾ?’ ನನ್ನದೇ ಪ್ರಶ್ನೆ ಬಂತು. ಅದರ ಕೆಳಗೇ ಅವ್ವನ ಧ್ವನಿ ಇತ್ತು.

“ನಿಮ್ಮಪ್ಪ ಓದಿ ಹೇಳಿದ. ಬೆಲ್ಲಕ್ಕ ಎಂಥಾ ಅಳತಿ ಬೇ? ಪಾಕ ಬೆರಳಿಗೆ ಅಂಟಬೇಕು. ಬಿಸಿ ಇದ್ದಾಗನ ಕಟ್ಟು, ಕೈ ಸುಡ್ತದ ಅಂತ ಕುಂದ್ರಬ್ಯಾಡ. ನಿಂದು ಊಟ ಆತೇನು?”

ತುಂಬಿದ ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ಗಾಬರಿಯಾಗಿ, “ಯಾಕ್ರೀ ಅಕ್ಕಾರ, ಏನಾತು?” ಎಂದಳು.

“ಏನಿಲ್ರೀ, ನಮ್ಮವ್ವ ಊಟ ಆತೇನು ಅಂತ ಕೇಳಾಕತ್ತಾಳ” ಅಂದೆ.

ತಂಗಿಗೆ ಅದನ್ನು ಕಳಿಸಿದೆ. ಉಂಡಿ ಗಟ್ಟಿಯಾಗಿ ನಿಂತವಂತೆ.

ಚೀಕಲಪರ್ವಿಯಲ್ಲಿರುವ ಅಪ್ಪನೂ ಈಗ ಬರೆಯಲು ಬೇಸರವೆಂದು ಧ್ವನಿಯನ್ನೇ ಕಳಿಸುತ್ತಾನೆ. ಎಷ್ಟೇ ದಣಿದಿದ್ದರೂ ಅದರ ಕೆಳಗೆ ಒಂದು ಸಾಲು ಬರೆಯುತ್ತೇನೆ: ‘ಅಪ್ಪ, ಮೊಣಕಾಲು ನೋವು’, ‘ಅಪ್ಪ, ಹೊಳೆಗೆ ನೀರು ಬಂತು’.

“ನಾ ಹೇಳಿದ್ದನ್ನ ನನಗ ಯಾಕ ಬರದು ಕಳಸ್ತಿ ಯವ್ವಾ?” ಎಂದು ಅವನು ನಗುತ್ತಾನೆ.

ಯಾಕೆಂದು ನಾನು ಇನ್ನೂ ಹೇಳಿಲ್ಲ.