ಭಾವನವರ ಬಾಯಲ್ಲಿ ಉಳಿದ ತಮಿಳು

ನಮ್ಮ ಹಲಸೂರಿನ ಬೀದಿನಾಯಿಗೆ ಮೂರು ಭಾಷೆ ಬರುತ್ತಿತ್ತು. ಎದುರುಮನೆ ಅಜ್ಜಿ ತಮಿಳಿನಲ್ಲಿ ಮೊಸರನ್ನಕ್ಕೆ ಕರೆದರೂ, ಮಾಂಸದಂಗಡಿಯ ಸಾಬರು ದಖ್ಖನಿಯಲ್ಲಿ ಮೂಳೆಗೆ ಕರೆದರೂ, ನಾನು ಕನ್ನಡದಲ್ಲಿ ಕೆಲಸವಿಲ್ಲದೆ ಕರೆದರೂ ಬಾಲ ಅಲ್ಲಾಡಿಸಿಕೊಂಡು ಬರುತ್ತಿತ್ತು. ಆದರೂ ಅದಕ್ಕಿಂತ ನಾನು ಮೇಲು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅದಕ್ಕೆ ಕೇಳಲು ಬರುತ್ತದೆ, ಹೇಳಲು ಬರುವುದಿಲ್ಲವಲ್ಲ! ನಮ್ಮ ತಲೆಯೊಳಗಿನ ಆ ಸುಕ್ಕುಸುಕ್ಕು ಮುದ್ದೆ ನಮಗೆ ಮಾತು ಕೊಟ್ಟಿದೆ, ಮನುಷ್ಯನಿಗೂ ಪ್ರಾಣಿಗೂ ಇರುವ ವ್ಯತ್ಯಾಸ ಅದೇ ಎಂದು ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಟೀ ಅಂಗಡಿಯವನು ಪಾಪ, ಕೇಳಿಸಿಕೊಳ್ಳುತ್ತಿದ್ದ.

ಈ ಜಂಬ ಇಳಿದದ್ದು ತೊಂಬತ್ತರ ದಶಕದಲ್ಲಿ, ನಮ್ಮ ಭಾವನವರಿಗೆ ಲಕ್ವ ಹೊಡೆದಾಗ.

ಅಕ್ಕ ನಾಗಮ್ಮ, ಭಾವ ಶರಣಪ್ಪ ಕಲಬುರಗಿ ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದರು. ಭಾವನವರು ಶಿವಾಜಿನಗರದ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳು ಬಹುಪಾಲು ತಮಿಳರು, ಚೌಕಾಸಿ ಮಾಡಿ ಮಾಡಿಯೇ ಇವರು ತಮಿಳು ಕಲಿತರು. ಅಕ್ಕ ಮಾತ್ರ ಊರಿನ ಕನ್ನಡ ಬಿಟ್ಟು ಇನ್ನೊಂದಕ್ಷರ ಕಲಿಯಲಿಲ್ಲ. ಲಕ್ವ ಹೊಡೆದ ಮೇಲೆ ಭಾವನವರು ಕೆಲವು ದಿನ ಮೂಕರಾಗಿದ್ದರು. ಆಮೇಲೆ ಬಾಯಿ ತೆರೆದರು. ಬಂದದ್ದು ಬರೀ ತಮಿಳು. ತಾಯಿ ಕಲಿಸಿದ ಕನ್ನಡ ಒಂದು ಮಾತೂ ಇಲ್ಲ!

ಮಿದುಳಿಗೆ ಪೆಟ್ಟಾದಾಗ ಒಂದು ಭಾಷೆ ಹೋಗಿ ಇನ್ನೊಂದು ಉಳಿಯುವುದುಂಟು ಎಂದರು ಡಾಕ್ಟರು.

"ಅಲ್ಲೋ ತಮ್ಮಾ, ಗಿರಾಕಿಗೋಳ ಮಾತು ಉಳದದ, ಹೆಣ್ತಿ ಮಾತು ಹೋಗ್ಯದೇನು?" ಎಂದು ಅಕ್ಕ ಅತ್ತಳು.

ಕೆಳಗಿನ ಮನೆಯ ಓನರ್ ಸೆಲ್ವಿಯಮ್ಮ ದುಭಾಷಿಯಾದರು. ಗಂಡ ತುಟಿ ಅಲ್ಲಾಡಿಸಿದರೆ ಸಾಕು, ಅಕ್ಕ ಮೆಟ್ಟಿಲ ಮೇಲೆ ನಿಂತು "ಸೆಲ್ವಿಯಮ್ಮಾರೆ, ಜರಾ ಬರ್ರೀ!" ಎಂದು ಕೂಗುವಳು. ಆಕೆ ಕುಕ್ಕರ್ ಇಳಿಸಿಟ್ಟು ಬರುವಷ್ಟರಲ್ಲಿ ಭಾವನವರು ಕೇಳಿದ್ದನ್ನೇ ಮರೆತಿರುತ್ತಿದ್ದರು. ನೀರು, ಗಂಜಿ, ಹೊದಿಕೆ ಇಷ್ಟೇ ಮಾತು. ಅಕ್ಕನಿಗೆ ಬೇಕಾದದ್ದು ಬೇರೆ. ತನ್ನ ಮುಖ ನೋಡಿ ಗಂಡ ತನಗೆಂದೇ ಏನಾದರೂ ಅನ್ನಬೇಕು, ಒಂದೇ ಒಂದು ಸಲ.

ಒಂದು ಭಾನುವಾರ ಮಧ್ಯಾಹ್ನ ನಾನು ಹೋಗಿದ್ದಾಗ ಸೆಲ್ವಿಯಮ್ಮನೂ ಅಲ್ಲೇ ಇದ್ದರು. ಭಾವನವರು ಅಕ್ಕನನ್ನೇ ನೋಡುತ್ತ ಏನೋ ಹೇಳತೊಡಗಿದರು. ದನಿಯಲ್ಲಿ ಎಂಥ ಅಕ್ಕರೆ! ಹಲಸೂರಿನವನಾದ ನನಗೆ ಅಷ್ಟು ತಮಿಳು ತಿಳಿಯುತ್ತದೆ. ಅವರು ಹೇಳಿದ್ದಿಷ್ಟು: ಅಂಗಡಿ ಮುಚ್ಚುವ ಹೊತ್ತಾಯಿತು. ಯಾರೋ ಈ ಅಮ್ಮ ಬೆಳಗಿನಿಂದ ನಿಂತಿದ್ದಾಳೆ. ಮನೆಗೆ ಕಳಿಸಿ, ಪಾಪ, ಅವಳ ಗಂಡ ಕಾಯುತ್ತಿರುತ್ತಾನೆ.



"ಏನಂದ್ರು? ನನ್ನ ನೋಡಿಯೇ ಅಂದ್ರಲ್ಲ, ಏನಂದ್ರು ಹೇಳ್ರೀ!" ಅಕ್ಕ ಸೆಲ್ವಿಯಮ್ಮನ ಕೈ ಹಿಡಿದುಕೊಂಡಳು.

ಸೆಲ್ವಿಯಮ್ಮ ತಡಮಾಡಲಿಲ್ಲ. "ಬೆಳಗ್ಗೆಯಿಂದ ನಿಂತೇ ಇದ್ದೀಯ, ರೊಂಬ ಸುಸ್ತಾಗಿದ್ದೀಯ ಅಂತಾರಮ್ಮ. ಸಾಕು, ಹೋಗಿ ಮಲಕ್ಕೋ ಅಂತಾರೆ."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆಮೇಲೆ ನಿಜವಾಗಿಯೂ ಹೋಗಿ ಮಲಗಿದಳು.

ಕಾಗೆ, ಮಂಗಗಳಿಗೂ ಮೋಸ ಗೊತ್ತು ಎನ್ನುತ್ತಾರೆ, ತಿಳಿದವರು. ಇರಬಹುದು. ಆದರೆ ಅವುಗಳ ಮೋಸವೆಲ್ಲ ತಮ್ಮ ಹೊಟ್ಟೆಗಾಗಿ. ಇನ್ನೊಬ್ಬಳು ಒಂದು ಗಳಿಗೆ ನಿದ್ದೆ ಮಾಡಲಿ ಎಂದು ಸುಳ್ಳು ಹೆಣೆಯುವ ಮಂಗವನ್ನು ನೀವು ಕಂಡಿದ್ದರೆ ಹೇಳಿ, ನಾನು ಕೈಮುಗಿಯುತ್ತೇನೆ. ಅವತ್ತಿನಿಂದ ಟೀ ಅಂಗಡಿಯಲ್ಲಿ ನಾನು ಟೀ ಮಾತ್ರ ಕುಡಿಯುತ್ತೇನೆ.

ಮಳೆಗಾಲಕ್ಕೆ ಮೊದಲೇ ಭಾವನವರು ತೀರಿಕೊಂಡರು. ಕೊನೆಯವರೆಗೂ ಅವರಿಗೆ ಅಕ್ಕ ಯಾರೆಂದು ತಿಳಿಯಲಿಲ್ಲ. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅಕ್ಕ ಸೆಲ್ವಿಯಮ್ಮನನ್ನು ಕೂರಿಸಿಕೊಂಡಳು.

"ಅವತ್ತ ಅವರು ಮಲಕ್ಕೋ ಅಂದಿದ್ರಲ್ರೀ, ಅದನ್ನ ಅವರ ಮಾತಿನ್ಯಾಗೇ ಹೇಳಿಕೊಡ್ರಿ. ಅವರು ಅಂದಂಗೇ ಹೇಳ್ರಿ. ನಾ ಕಲೀತೀನಿ."

ಸೆಲ್ವಿಯಮ್ಮ ಈಗ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಪೋದುಮ್ಮಾ, ಪೋಯ್ ತೂಂಗು," ಎಂದರು ಅವರು ಮೆಲ್ಲಗೆ.

ಅಕ್ಕ ಶಾಲೆಯ ಹುಡುಗಿಯಂತೆ ತಪ್ಪುತ್ತ, ತಿದ್ದಿಸಿಕೊಳ್ಳುತ್ತ ಅದನ್ನು ಬಾಯಿಪಾಠ ಮಾಡಿದಳು. ನಾಲಗೆಗೆ ಹೊಂದಿದ ಮೇಲೆ ನನ್ನ ಕಡೆ ತಿರುಗಿದಳು. "ನೀನೂ ಇದ್ದೆಲ್ಲೋ ತಮ್ಮಾ ಅವತ್ತ. ಅವರು ಅಂದಂಗೇ ಬಂತಾ?"

"ಹಂಗೇ ಬಂತು ಅಕ್ಕಾ," ಎಂದೆ.