ನಾಮಿನಿಯ ಹೆಸರು

ಪಾಂಡವಪುರದ ಹತ್ತಿರದ ಕಾರ್ಖಾನೆಯೊಂದರಲ್ಲಿ ನಾನು ಲೇತ್ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಕೆಲಸ ಕಾಯಂ ಆದ ದಿನ ಆಫೀಸಿನ ಗುಮಾಸ್ತರು ಕರೆದು, ಇನ್ನು ಮೇಲೆ ಸಂಬಳದಲ್ಲಿ ಪಿ.ಎಫ್. ವಂತಿಗೆ ಹಿಡಿಯುತ್ತಾರೆ ಎಂದರು. ವಂತಿಗೆ ಎಂದರೆ ನನಗೆ ಗೊತ್ತಿದ್ದದ್ದು ಊರಹಬ್ಬಕ್ಕೆ ಮನೆಮನೆಗೆ ಬಂದು ಎತ್ತುವುದು. ಇದು ನನ್ನ ಮುಪ್ಪಿಗೆ ನಾನೇ ಕೊಡುವ ವಂತಿಗೆಯಂತೆ, ಕಾರ್ಖಾನೆಯವರೂ ತಮ್ಮ ಪಾಲು ಸೇರಿಸುತ್ತಾರಂತೆ. ಮೀಸೆ ಸರಿಯಾಗಿ ಬಲಿಯದವನಿಗೆ ನಿವೃತ್ತಿಯ ಮಾತು! ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗು ಬಂತು. ಆಮೇಲೆ ಅವರು ನಾಮಿನಿ ಯಾರು ಎಂದರು. ಹಾಗೆಂದರೇನು ಎಂದು ಕೇಳಿದೆ.

“ನೀನು ಓಗ್ಬುಟ್ರೆ ದುಡ್ಡು ಯಾರ್ ಕೈಗೆ ಸೇರ್ಬೇಕು ಅಂತ ಕಣ್ಲಾ. ಎಂಡ್ತಿ ಎಸ್ರು ಬರೀಲಾ?”

ನಗು ಅಲ್ಲಿಗೇ ನಿಂತಿತು. ನಾಳೆ ಹೇಳುತ್ತೇನೆಂದು ಎದ್ದು ಬಂದೆ. ಆ ಮಧ್ಯಾಹ್ನವೆಲ್ಲ ಲೇತ್ ತಿರುಗುವಾಗ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಅಂಗಿಯ ತೋಳನ್ನು ಮತ್ತೆ ಮತ್ತೆ ಮೇಲಕ್ಕೆ ಮಡಚಿದೆ. ಅಷ್ಟು ದಿನ ಅನ್ನ ಹಾಕಿದ ಯಂತ್ರ ಅವತ್ತು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಶ್ರೀರಂಗಪಟ್ಟಣದಲ್ಲಿ ಇಳಿದು ಅರಕೆರೆ ಬಸ್ಸು ಹತ್ತಿದಾಗಲೂ ಅದೇ ಯೋಚನೆ.

ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಊಟಕ್ಕೆ ಬಡಿಸುವಾಗ ವಿಷಯ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

“ನನ್ನ ಎಸ್ರು ಬರೆಸ್ಬ್ಯಾಡಿ. ನೀವು ಓಗಾದನ್ನೇ ಕಾಯ್ತಾ ಕೂತಂಗಾಯ್ತದೆ.”

“ಬರೆಸ್ದಿದ್ರೆ ನಾಳೆ ನೀನೇ ಆಫೀಸು ಆಫೀಸು ಅಲೀಬೇಕಾಯ್ತದೆ ಕಣೆ,” ಎಂದು ರೇಗಿದೆ. ನಿಜಕ್ಕೂ ನನಗೆ ಬಂದಿದ್ದು ಸಿಟ್ಟಲ್ಲ, ಹೆದರಿಕೆ. ಅವಳ ಕಣ್ಣು ತುಂಬಿದ್ದು ನೋಡಿ, ಗುಮಾಸ್ತರು ಹೇಳಿದ್ದ ಇನ್ನೊಂದು ಮಾತನ್ನು ಸಮಾಧಾನಕ್ಕೆಂದು ಸೇರಿಸಿದೆ. “ಅದೇನು ಶಾಸನ ಅಲ್ಲ ಬುಡು. ಬೇಕಾದಾಗ ಎಸ್ರು ಬದ್ಲಾಯಿಸ್ಬೋದಂತೆ.”

ಅವಳ ಮುಖ ಕಪ್ಪಿಟ್ಟಿತು.

“ನಮ್ಮವ್ವ ನನ್ನ ಎತ್ಬುಟ್ಟು ಅಂಗೇ ಸತ್ತೋದ್ಲು. ವರ್ಷ ತುಂಬಕ್ಕೆ ಮುಂಚೆ ನಮ್ಮಪ್ಪನೂ ಬದ್ಲಾಯಿಸ್ದ.”

ಅವಳು ನಾಗಮಂಗಲದ ಕಡೆ ಮಲತಾಯಿಯ ಕೈಯಲ್ಲಿ ಬೆಳೆದವಳೆಂದು ನನಗೆ ಗೊತ್ತಿತ್ತು. ಆದರೆ ಹೆರಿಗೆ ಹತ್ತಿರವಾದಂತೆ ಅವಳು ತಾಯಿಯ ಸಾವನ್ನೇ ನೆನೆಯುತ್ತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೈ ತೊಳೆದೆ.

ಕೊನೆಗೆ ಅವಳೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು. “ಬರೆಸಿ. ಬದ್ಲಾಯಿಸೋ ಕಾಲ ಬಂದ್ರೆ ಈ ಮಗೀನ ಎಸ್ರು ಆಕ್ಸಿ. ಇನ್ಯಾರ್ದೂ ಬ್ಯಾಡ.”

ಮರುದಿನ ಅವಳ ಹೆಸರು ಬರೆಸಿದೆ. ಅದು ಇವತ್ತಿಗೂ ಹಾಗೇ ಇದೆ. ಆದರೆ ಅವತ್ತಿನಿಂದ ಹೆರಿಗೆಯಾಗುವವರೆಗೂ, ಮನೆಯಲ್ಲಿದ್ದಷ್ಟು ಹೊತ್ತು, ಅವಳು ನೀರಿಗೆ ಹೋದರೂ ನಾನು ಹಿಂದೆಯೇ ಹೋಗುತ್ತಿದ್ದೆ.