ಐದರ ಬದಲು ಮೂರು

ಪೀಣ್ಯದಲ್ಲಿ ನನ್ನದೊಂದು ಶೆಡ್ಡು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ವ್ಯಾಪಾರ ಮುಗಿಸುವ ಮೊದಲು ಇಲ್ಲಿಗೆ ತಂದು ಪರೀಕ್ಷೆ ಮಾಡಿಸುತ್ತಾರೆ. ಈ ಕೆಲಸ ಮಾಡಿ ಮಾಡಿ ನನಗೆ ಜನರ ಮಾತಿನ ಮೇಲೆ ನಂಬಿಕೆಯೇ ಹೋಗಿಬಿಟ್ಟಿತ್ತು. ಮಾರುವವರೆಲ್ಲ ಹೇಳುವುದು ಒಂದೇ: "ಭಾನುವಾರ ಮಾತ್ರ ತೆಗೀತಿದ್ದೆ ಸಾರ್, ಮಗು ಥರ ನೋಡ್ಕೊಂಡಿದೀನಿ." ಆ ಮಗುವಿಗೆ ಎಷ್ಟು ಏಟು ಬಿದ್ದಿದೆ ಅನ್ನುವುದು ಕಾರಿನೊಳಗಿನ ಕಂಪ್ಯೂಟರಿಗೆ ಗೊತ್ತಿರುತ್ತದೆ. ಎಂಜಿನ್ನು ಮಿತಿ ಮೀರಿ ತಿರುಗಿದಾಗಲೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ. ನಾನು ಸ್ಕ್ಯಾನರ್ ಎತ್ತಿಕೊಂಡರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, "ಡ್ರೈವರ್ ಒಂದ್ಸಲ ತಗೊಂಡು ಹೋಗಿದ್ದ..." ಎಂದು ಶುರುಮಾಡುತ್ತಾರೆ.

ಹೋದ ವರ್ಷ ವೈಟ್‌ಫೀಲ್ಡ್ ಕಡೆಯಿಂದ ಒಬ್ಬ ಹೆಂಗಸು ತಮ್ಮ ಕೆಂಪು ಕಾರನ್ನು ತಾವೇ ಓಡಿಸಿಕೊಂಡು ಬಂದರು. ದಾವಣಗೆರೆಯವರು, ಐವತ್ತು ದಾಟಿದ ವಯಸ್ಸು, ಹಣೆಯಲ್ಲಿ ತೆಳ್ಳಗೆ ವಿಭೂತಿ. ಎಡಮಂಡಿ ಸವೆದಿದೆ, ಇನ್ನು ಕ್ಲಚ್ ಒತ್ತುವ ಗಾಡಿ ಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಮಾರಾಟ. ಕೊಳ್ಳಲು ಬಂದವನು ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಯುವಕ. ಕಾರನ್ನು ಎಷ್ಟು ಸುತ್ತು ಹಾಕಿದರೂ ಅವನಿಗೆ ತೃಪ್ತಿಯಿಲ್ಲ. ಇದುವರೆಗೆ ಬಂದವರೆಲ್ಲ ದಲ್ಲಾಳಿಗಳು, ಓಡಿಸುವ ಆಸೆಯಿಂದ ಬಂದವನು ಇವನೊಬ್ಬನೇ ಎಂದು ಆಕೆ ನನಗೆ ಮೆಲ್ಲಗೆ ಹೇಳಿದರು. ಕಾರು ಇವನ ಕೈಗೇ ಹೋಗಬೇಕು ಎಂಬ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು.

ಸ್ಕ್ಯಾನರ್ ಹಾಕಿದೆ. ಒಂದು ದಾಖಲೆಯೂ ಇಲ್ಲ. "ಸಕ್ಕತ್ ಕ್ಲೀನಾಗಿದೆ ಗುರು," ಎಂದೆ. ಹುಡುಗ ಅಡ್ವಾನ್ಸ್ ಕಳಿಸಲು ಫೋನ್ ತೆಗೆದೇಬಿಟ್ಟ.

"ಒಂದ್ನಿಮಿಷ ತಡೀಪ್ಪ," ಎಂದರು ಆಕೆ. "ಮಳೇಲಿ ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿತ್ತು ಅಂತ ಹೇಳಿದ್ನಲ್ಲ, ಆಗ ಇದರ ಕಂಪ್ಯೂಟರೂ ಬದಲಾಯ್ತು. ಹಳೇದ್ರಲ್ಲಿ ಒಂದು ದಾಖಲೆ ಇತ್ತು. ನಂದಿಬೆಟ್ಟದಿಂದ ವಾಪಸ್ ಬರ್ತಾ, ಪಕ್ಕದ ಕಾರಿನೋರಿಗೆ ತೋರಿಸೋ ಹುಮ್ಮಸ್ಸಲ್ಲಿ ನಾಲ್ಕರಿಂದ ಐದನೇ ಗೇರಿಗೆ ಹಾಕೋ ಬದಲು ಮೂರಕ್ಕೆ ಹಾಕ್ಬಿಟ್ಟೆ. ಎಂಜಿನ್ನು ಚೀರಿದ್ದು ಇನ್ನೂ ಕಿವೀಲಿದೆ."

ಆಕ್ಸಿಲರೇಟರ್ ಜಾಸ್ತಿ ತುಳಿದರೆ ಎಂಜಿನ್ನು ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಆದರೆ ಅಂಥ ವೇಗದಲ್ಲಿ ಕೆಳಗಿನ ಗೇರು ಬಿದ್ದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ತಡೆಯುವವರು ಯಾರೂ ಇಲ್ಲ. ಒಳಗೆ ಏನಾದರೂ ಬಾಗಿರಬಹುದು, ಬಾಗದೆಯೂ ಇರಬಹುದು.

ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ. ನನಗೆ ಸಿಟ್ಟೇ ಬಂತು. "ಅಲ್ಲ ಮೇಡಂ, ನನಗೇ ಸಿಗದೆ ಇದ್ದಿದ್ದನ್ನ ನೀವ್ಯಾಕೆ ಹೇಳೋಕೆ ಹೋದ್ರಿ?"

"ಅದರ ತಲೇಲಿಲ್ಲ ನಿಜ. ನನ್ನ ತಲೇಲಿದೆಯಲ್ರೀ," ಎಂದರು.

ಎಂಜಿನ್ ಪರೀಕ್ಷೆಗೆ ಆಕೆಯೇ ಒಪ್ಪಿಗೆ ಕೊಟ್ಟರು. ಪ್ಲಗ್ಗು ಬಿಚ್ಚಿ ಒಂದೊಂದೇ ಸಿಲಿಂಡರಿನ ಒತ್ತಡ ನೋಡಿದೆ, ಸಣ್ಣ ಕ್ಯಾಮೆರಾ ಇಳಿಸಿ ಒಳಗೂ ನೋಡಿದೆ. ಎಲ್ಲ ಸರಿಯಾಗಿತ್ತು. ಆದರೂ ಹುಡುಗ ಯೋಚನೆ ಮಾಡಿ ಹೇಳುತ್ತೇನೆಂದು ಹೊರಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಕೆ ಮಾತ್ರ ನನಗೆ ನಮಸ್ಕಾರ ಹೇಳಿ, ಮಂಡಿ ಹಿಡಿದುಕೊಂಡು ಕಾರೊಳಗೆ ಕೂತು ಹೋದರು. ಇಂಥವರೂ ಇದ್ದಾರಲ್ಲ ಎಂದು ನನಗೆ ಆ ದಿನವೆಲ್ಲ ಹೆಮ್ಮೆ, ಅವರೇನು ನಮ್ಮ ಮನೆಯವರೋ ಅನ್ನುವ ಹಾಗೆ.

ಮುಂದಿನ ವಾರ ಹುಡುಗನ ಫೋನ್ ಬಂತು. "ಬೇರೆ ಕಾರೆಲ್ಲ ನೋಡ್ದೆ ಸಾರ್. ಎಲ್ಲರೂ ಮಗು ಥರ ನೋಡ್ಕೊಂಡಿದಾರಂತೆ. ಭಯ ಆಗೋಯ್ತು. ಮೇಡಂ ಕಾರೇ ತಗೋತೀನಿ."

ಕೀಲಿ ಕೊಡುವುದಕ್ಕೂ ಅವರು ನನ್ನ ಶೆಡ್ಡಿಗೇ ಬಂದರು. ಅವನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಕೂತರು. ಎಂಜಿನ್ನು ಇನ್ನೂ ಶುರುವಾಗಿರಲಿಲ್ಲ. ಗೇರಿನ ಮೇಲಿದ್ದ ಅವನ ಕೈ ಮೇಲೆ ತಮ್ಮ ಕೈ ಇಟ್ಟರು.

"ನಾಲ್ಕರಲ್ಲಿದೀಯ. ಐದಕ್ಕೆ ಹಾಕ್ಬೇಕಾದ್ರೆ ಮೊದಲು ನಿನ್ನ ಕಡೆಗೆ ಎಳ್ಕೋ, ಆಮೇಲೆ ಮುಂದಕ್ಕೆ ತಳ್ಳು. ಆವತ್ತು ನಾನು ಎಳ್ಕೊಳ್ಳಲಿಲ್ಲಪ್ಪ."